ಉಣ್ಣೆ ಜ್ವರಕ್ಕೆ ಹೊಸ ಲಸಿಕೆ ಬೇಕು, ಅದಕ್ಕೆ ಮೊದಲು ಸತ್ತ ಹಸುಗಳ ಲೆಕ್ಕ ಬೇಕು

ಸಂಪಾದಕರಿಗೆ ನಮಸ್ಕಾರ,

ಕಾಲುಬಾಯಿ ಜ್ವರ ಬಂದ್ರೆ ಪೇಪರ್‌ನಲ್ಲಿ ಬರುತ್ತೆ, ಚರ್ಮಗಂಟು ರೋಗ ಬಂದಾಗ ದಿನಾ ಬರ್ತಿತ್ತು, ಬರಲೇಬೇಕು ಅದು. ಆದ್ರೆ ದನದ ಮೈಗೆ ಕಚ್ಕೊಂಡು ರಕ್ತ ಕುಡಿಯೋ ಉಣ್ಣೆಯಿಂದ (ಉಣುಗು ಅಂತಾರಲ್ಲ, ಅದು) ಬರೋ ಉಣ್ಣೆ ಜ್ವರದಲ್ಲಿ ಹಸು ಸತ್ತರೆ ಎಲ್ಲೂ ಬರಲ್ಲ, ಯಾಕಂದ್ರೆ ಇದು ಊರಿಗೆ ಊರೇ ಮಲಗಿಸೋ ಕಾಯಿಲೆ ಅಲ್ಲ, ಈ ಬೀದಿಲಿ ಒಂದು, ಮುಂದಿನ ತಿಂಗಳು ಪಕ್ಕದೂರಲ್ಲಿ ಒಂದು, ಹೀಗೆ ಒಂದೊಂದು ಮನೇಲಿ ಒಂದೊಂದೇ ಹಸು ತಗೊಂಡು ಹೋಗುತ್ತೆ. ಆ ಮನೆಯವರು ಅತ್ಕೊಂಡು ಗುಂಡಿ ತೋಡಿ ಹೂಳಿಬಿಡ್ತಾರೆ, ಅಲ್ಲಿಗೆ ಮುಗೀತು. ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಸೀಮೆಹಸು ಸಾಕಿರೋ ಹತ್ತು ಮನೆಗೆ ಹೋಗಿ ಕೇಳಿ ನೋಡಿ, ಈ ಜ್ವರ ನೋಡದೇ ಇರೋ ಮನೆ ಸಿಗೋದು ಕಷ್ಟ.

ನಾನು ಚಿಂತಾಮಣಿ ತಾಲ್ಲೂಕಿನ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಸೆಕ್ರೆಟರಿ. ಡಾಕ್ಟ್ರಲ್ಲ, ವಿಜ್ಞಾನಿನೂ ಅಲ್ಲ. ಆದ್ರೆ ಕಾಯಿಲೆ ಮೊದಲು ಕಾಣೋದು ನಮ್ಮ ಹಾಲಿನ ಪುಸ್ತಕದಲ್ಲೇ. ದಿನಾ ಹತ್ತು ಹನ್ನೆರಡು ಲೀಟರ್ ಹಾಕೋ ಮನೆಯಿಂದ ಒಂದಿನ ಆರು ಲೀಟರ್ ಬರುತ್ತೆ, ಮರುದಿನ ಮೂರು, ಆಮೇಲೆ ಕ್ಯಾನೇ ಬರಲ್ಲ. ಕೇಳಿದ್ರೆ ಹಸು ಮೇವು ಬಿಟ್ಟಿದೆ ಅಕ್ಕ, ಮೈ ಕೆಂಡ ಆಗಿದೆ ಅಂತಾರೆ. ನಮ್ಮ ಕಡೆ ಬೆಳೆ ನಂಬ್ಕೊಂಡು ಬದುಕೋ ಕಾಲ ಹೋಗಿ ಎಷ್ಟೋ ವರ್ಷ ಆಯ್ತು, ನದಿ ಇಲ್ಲ, ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಟೊಮೆಟೊ ರೇಟ್ ಯಾವತ್ತು ಬೀಳುತ್ತೋ ಗೊತ್ತಿಲ್ಲ, ರೇಷ್ಮೆ ಗೂಡಿನ ರೇಟೂ ಅಷ್ಟೇ. ಹಾಲಿನ ಬಟವಾಡೆ ಒಂದೇ ತಪ್ಪದೇ ಕೈಗೆ ಬರೋ ದುಡ್ಡು. ಮಕ್ಕಳ ಫೀಸು, ಸ್ತ್ರೀಶಕ್ತಿ ಸಂಘದ ಕಂತು, ಮನೆ ರೇಷನ್ ಎಲ್ಲ ಅದರಲ್ಲೇ ಆಗ್ಬೇಕು. ಅದಕ್ಕೇ ಈ ವಿಷಯ ಸ್ವಲ್ಪ ಉದ್ದಕ್ಕೆ ಬರೀತಿದೀನಿ, ದಯವಿಟ್ಟು ಕತ್ತರಿಸದೇ ಹಾಕಿ.

ಮೊದಲು ಕಾಯಿಲೆ ಏನು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಉಣ್ಣೆ ಜ್ವರ ಅಂದ ತಕ್ಷಣ ಪಟ್ಟಣದವರು ಶಿವಮೊಗ್ಗ ಕಡೆಯ ಮಂಗನ ಕಾಯಿಲೆನಾ ಅಂತ ಕೇಳ್ತಾರೆ. ಅದಲ್ಲ. ಅದು ವೈರಸ್, ಮನುಷ್ಯರಿಗೆ ಬರೋದು. ಇದು ಥೈಲೇರಿಯಾ ಅನ್ನೋ ಪರಾವಲಂಬಿ ಜೀವಿಯಿಂದ ದನಕ್ಕೆ ಬರೋದು, ಕಣ್ಣಿಗೆ ಕಾಣದ ಒಂದೇ ಕಣದ ಜೀವಿ, ಪೂರ್ತಿ ಹೆಸರು ಥೈಲೇರಿಯಾ ಆನ್ಯುಲೇಟಾ. ಹಯಾಲೊಮ್ಮಾ ಅನ್ನೋ ಜಾತಿಯ ಉಣ್ಣೆ ಮರಿ ಇದ್ದಾಗ ಕಾಯಿಲೆ ಇರೋ ಹಸುವಿನ ರಕ್ತ ಕುಡಿಯುತ್ತೆ, ಬಿದ್ದು ಹೋಗಿ ಕೊಟ್ಟಿಗೆ ಗೋಡೆ ಬಿರುಕಲ್ಲಿ, ಕಲ್ಲು ಸಂದೀಲಿ ಅವಿತ್ಕೊಂಡು ದೊಡ್ಡದಾಗಿ, ಆಮೇಲೆ ಇನ್ನೊಂದು ಹಸು ಮೇಲೆ ಹತ್ತಿ ಕಚ್ಚುತ್ತೆ, ಆಗ ಅದರ ಎಂಜಲಿನ ಜೊತೆ ಈ ಜೀವಿ ಒಳಗೆ ಹೋಗುತ್ತೆ. ಒಳಗೆ ಹೋಗಿ ನೇರ ಬಿಳಿ ರಕ್ತಕಣಕ್ಕೇ ನುಗ್ಗುತ್ತೆ, ಅಂದ್ರೆ ಕಾಯಿಲೆ ಜೊತೆ ಹೋರಾಡ್ಬೇಕಾದ ಕಣದೊಳಗೇ, ಕಳ್ಳ ಹೋಗಿ ಪೊಲೀಸ್ ಸ್ಟೇಷನ್‌ನಲ್ಲೇ ಮನೆ ಮಾಡ್ಕೊಂಡ ಹಾಗೆ. ಅಲ್ಲಿ ಕೂತು ಆ ಕಣ ಸಾಯದ ಹಾಗೆ ಮಾಡುತ್ತೆ, ಕ್ಯಾನ್ಸರ್ ಬಂದಾಗ ಆಗುತ್ತಲ್ಲ ಹಾಗೆ ಕಣ ಒಡೆದು ಎರಡಾಗುತ್ತೆ ನಾಲ್ಕಾಗುತ್ತೆ, ಪ್ರತಿ ಸಲ ಒಡೆದಾಗ್ಲೂ ಒಳಗಿರೋ ಥೈಲೇರಿಯಾನೂ ಪಾಲಾಗಿ ಎರಡು ಕಡೆಗೂ ಹೋಗುತ್ತೆ. ಅದಕ್ಕೇ ಭುಜದ ಮುಂದೆ ಗಂಟು ದಪ್ಪಗೆ ಊದಿಕೊಳ್ಳೋದು. ಕೊನೆಗೆ ಅಲ್ಲಿಂದ ಹೊರಬಿದ್ದು ಕೆಂಪು ರಕ್ತಕಣಕ್ಕೆ ಹೋಗುತ್ತೆ, ರಕ್ತ ಸೋತು ಕಣ್ಣಿನ ರೆಪ್ಪೆ ಒಳಗೆ ನೋಡಿದ್ರೆ ಸುಣ್ಣದ ಬಿಳುಪು, ಜ್ವರ 105, 106 ಡಿಗ್ರಿ, ಏದುಸಿರು, ಮೇವು ಮುಟ್ಟಲ್ಲ, ಮೆಲುಕು ಹಾಕಲ್ಲ. ಗಬ್ಬದ ಹಸು ಆದ್ರೆ ಕಂದು ಹಾಕೋದೂ ಉಂಟು.

ಇದರ ಜೊತೆಗೆ ಬಬೇಸಿಯಾ ಅಂತ ಇನ್ನೊಂದು ಇದೆ, ರಕ್ತಮೂತ್ರ ಹೋಗೋದು, ಅದನ್ನ ತರೋದು ಬೇರೆ ಜಾತಿ ಉಣ್ಣೆ. ಆ ಉಣ್ಣೆ ಹಾಕೋ ಮೊಟ್ಟೆ ಮೂಲಕವೇ ಕಾಯಿಲೆ ಮುಂದಿನ ಮರಿಗೆ ಹೋಗುತ್ತಂತೆ, ಥೈಲೇರಿಯಾ ಹಾಗೆ ಮೊಟ್ಟೆಗೆ ಹೋಗಲ್ಲ. ನಮ್ಮ ಕಡೆ ಹೆಚ್ಚು ಕಾಟ ಕೊಡೋದು ಥೈಲೇರಿಯಾನೇ, ಹಾಗಾಗಿ ಅದರ ಬಗ್ಗೆಯೇ ಬರೀತೀನಿ.

ಹಳಬರು ಒಂದು ಮಾತು ಹೇಳ್ತಾರೆ, ಹಳ್ಳಿಕಾರ್ ದನಕ್ಕೆ ಮೈತುಂಬ ಉಣ್ಣೆ ಇದ್ರೂ ಏನೂ ಆಗ್ತಿರಲಿಲ್ಲ ಅಂತ. ಬಹುಪಾಲು ನಿಜ ಅದು. ನಾಟಿ ದನಕ್ಕೂ ಈ ಜೀವಿ ಅಂಟುತ್ತೆ, ಆದ್ರೆ ತಲೆತಲಾಂತರದಿಂದ ಜೊತೇಲೇ ಬಂದಿರೋದ್ರಿಂದ ಅದು ತಡ್ಕೊಳ್ಳುತ್ತೆ, ಸಣ್ಣ ಜ್ವರ ಬಂದು ಹೋಗ್ಬಹುದು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜೆರ್ಸಿ, ಅವುಗಳ ಮಿಶ್ರತಳಿಗೆ ಆ ಶಕ್ತಿ ಇಲ್ಲ. ಹಾಗಂತ ನಾಟಿಗೇ ವಾಪಸ್ ಹೋಗಿ ಅಂತ ಸುಲಭವಾಗಿ ಹೇಳ್ಬಿಡೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ. ಎಂ.ವಿ. ಕೃಷ್ಣಪ್ಪನವರನ್ನ ಕೋಲಾರ ಸೀಮೆಯವರು ಇವತ್ತಿಗೂ ಕ್ಷೀರಕ್ರಾಂತಿಯ ಹರಿಕಾರ ಅಂತ ಯಾಕೆ ನೆನೆಸ್ಕೋತಾರೆ, ಸೀಮೆಹಸು ಬಂದ್ಮೇಲೆ ಇಲ್ಲಿ ಒಂದೆಕರೆ ಒಣಭೂಮಿ ಇರೋರ ಮನೇಲೂ ಒಲೆ ಹತ್ತಿದ್ದರಿಂದ. ಸಿದ್ದಗಂಗೆ ಜಾತ್ರೇಲಿ, ಘಾಟಿ ಜಾತ್ರೇಲಿ ಹಳ್ಳಿಕಾರ್ ಜೋಡಿ ನೋಡಿದ್ರೆ ಕಣ್ಣು ತುಂಬುತ್ತೆ, ನಿಜ, ಆದ್ರೆ ಅದು ಗೇಯ್ಮೆ ತಳಿ, ಕರು ಕುಡಿದು ಮಿಕ್ಕಿದ ಹಾಲಲ್ಲಿ ಬಟವಾಡೆ ಬರಲ್ಲ. ಸರ್ಕಾರವೇ ಊರೂರಿಗೆ ಮಿಶ್ರತಳಿ ವೀರ್ಯ ಕೊಟ್ಟು ಹಸು ಮಾಡಿಸ್ತು. ಆ ಹಸುಗೆ ಈ ನೆಲದ ಉಣ್ಣೆ ತಡ್ಕೊಳ್ಳೋ ಶಕ್ತಿ ಹುಟ್ಟಿನಿಂದ ಇಲ್ಲ ಅಂದ್ರೆ ಅದನ್ನ ಸೂಜಿಯಿಂದ ಕೊಡೋದು ಜೊತೇಲೇ ಆಗ್ಬೇಕಿದ್ದ ಕೆಲಸ.

ಔಷಧಿ ಇಲ್ವಾ ಅಂದ್ರೆ ಇದೆ. ಬುಪಾರ್ವಾಕ್ವೋನ್ ಅಂತ ಇಂಜೆಕ್ಷನ್, 20 ಕೆಜಿ ತೂಕಕ್ಕೆ 1 ಎಂಎಲ್ ಲೆಕ್ಕ, ಅಂದ್ರೆ 400 ಕೆಜಿ ಹಸುಗೆ 20 ಎಂಎಲ್ ಕತ್ತಿನ ಮಾಂಸಕ್ಕೆ ಕೊಡ್ತಾರೆ. ಒಳ್ಳೇ ಔಷಧಿ, ಎಷ್ಟೋ ಹಸು ಉಳಿಸಿದೆ. ಆದ್ರೆ ಮೊದಲ ಒಂದೆರಡು ದಿನದಲ್ಲೇ ಬಿದ್ದರೆ ಮಾತ್ರ ಅದರ ಪೂರ್ತಿ ಗುಣ. ನಮ್ಮಲ್ಲಿ ಏನಾಗುತ್ತೆ ಅಂದ್ರೆ ಮೊದಲ ದಿನ ಜ್ವರದ ಮಾತ್ರೆ ಪುಡಿ ಮಾಡಿ ಬೆಲ್ಲದ ಜೊತೆ ತಿನ್ನಿಸ್ತಾರೆ, ಎರಡನೇ ದಿನ ಊರಲ್ಲೇ ಸೂಜಿ ಹಾಕೋರು ಯಾರೋ ಬಂದು ಆಂಟಿಬಯೋಟಿಕ್ ಹಾಕ್ತಾರೆ, ಮೂರನೇ ದಿನಕ್ಕೆ ಹಸು ಮಲಗಿದ್ಮೇಲೆ ಪಶು ಸಹಾಯವಾಣಿ 1962ಕ್ಕೆ ಫೋನ್ ಹೋಗುತ್ತೆ. ಡಾಕ್ಟ್ರು ಬಂದು ಗಂಟು ಮುಟ್ಟಿ ನೋಡಿ ಇದು ಥೈಲೇರಿಯಾ ಅಂತ ಹೇಳೋ ಹೊತ್ತಿಗೆ ರಕ್ತ ಬತ್ತಿ ಹೋಗಿರುತ್ತೆ. ರಕ್ತದ ಸ್ಲೈಡ್ ಮಾಡಿ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಗೊತ್ತಾಗುತ್ತೆ, ಆದ್ರೆ ಒಬ್ಬ ಡಾಕ್ಟ್ರಿಗೆ ಅಷ್ಟೊಂದು ಊರು ಇರೋವಾಗ ಪ್ರತಿ ಜ್ವರಕ್ಕೂ ಸ್ಲೈಡ್ ಯಾರು ಮಾಡ್ತಾರೆ, ಅವರನ್ನ ಬೈದು ಪ್ರಯೋಜನ ಇಲ್ಲ. ಔಷಧಿ ಆಸ್ಪತ್ರೇಲಿ ಸ್ಟಾಕ್ ಇಲ್ದೇ ಇದ್ರೆ ಹೊರಗಡೆ ತರ್ಬೇಕು, ದೊಡ್ಡ ಹಸುಗೆ ಬೇಕಾದಷ್ಟು ತಂದ್ರೆ ಬಡವರ ಒಂದು ಬಟವಾಡೆಗೆ ದೊಡ್ಡ ಪೆಟ್ಟೇ. ಇನ್ನೂ ಹೆದರಿಕೆ ಆಗೋ ಸಂಗತಿ ಅಂದ್ರೆ ಟುನೀಶಿಯಾ, ಇರಾನ್ ದೇಶಗಳಲ್ಲಿ ಈ ಔಷಧಿಗೇ ಬಗ್ಗದ ಥೈಲೇರಿಯಾ ಸಿಕ್ಕಿದೆ, ಆ ಜೀವಿಯ ಸೈಟೋಕ್ರೋಮ್ ಬಿ ಅನ್ನೋ ಒಂದು ಜೀನ್‌ನಲ್ಲಿ ಬದಲಾವಣೆ ಆಗಿ ಔಷಧಿ ಹಿಡಿಯೋ ಜಾಗವೇ ಕೆಟ್ಟುಹೋಗಿರೋದು ಕಂಡುಬಂದಿದೆ. ನಮ್ಮ ಕೈಲಿರೋದು ಇದೊಂದೇ ಮುಖ್ಯ ಔಷಧಿ, ಇದೂ ಕೈಕೊಟ್ರೆ ಮುಂದೇನು. ಅಷ್ಟೇ ಅಲ್ಲ, ಔಷಧಿ ಕೊಟ್ಟು ಬದುಕಿದ ಹಸು ಒಳಗೆ ಸ್ವಲ್ಪ ಥೈಲೇರಿಯಾ ಉಳ್ಕೊಂಡಿರುತ್ತೆ, ನೋಡೋಕೆ ಚೆನ್ನಾಗಿರುತ್ತೆ, ಹಾಲು ಕೊಡುತ್ತೆ, ಸಂತೇಲಿ ಮಾರಾಟನೂ ಆಗುತ್ತೆ, ಹೋದ ಕಡೆ ಉಣ್ಣೆಗೆ ಕಾಯಿಲೆ ಹಂಚ್ತಾ ಇರುತ್ತೆ.

ಉಣ್ಣೆನೇ ಸಾಯಿಸಿದ್ರಾಯ್ತಲ್ಲ ಅನ್ನೋದು ಎಲ್ಲರಿಗೂ ಬರೋ ಮೊದಲ ಯೋಚನೆ. ಅದನ್ನ ನಾವು ಮಾಡ್ತಾನೇ ಇದೀವಿ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ನೀರಿಗೆ ಬೆರೆಸಿ ಮೈಗೆ ಹೊಡೀತೀವಿ, ಐವರ್‌ಮೆಕ್ಟಿನ್ ಹಾಕಿಸ್ತೀವಿ, ಬೇವಿನೆಣ್ಣೆ ಹೊಂಗೆಎಣ್ಣೆ ಸವರ್ತೀವಿ, ಗೋಡೆಗೆ ಸುಣ್ಣ ಬಳೀತೀವಿ. ಒಂದೆರಡು ವರ್ಷ ಚೆನ್ನಾಗಿ ಕೆಲಸ ಮಾಡಿದ ಔಷಧಿ ಆಮೇಲೆ ಹೊಡೆದ್ರೂ ಉಣ್ಣೆ ಹಾಗೇ ಕಚ್ಕೊಂಡಿರುತ್ತೆ, ಯಾಕಂದ್ರೆ ಬದುಕುಳಿದಿದ್ದು ಮಾತ್ರ ಮರಿ ಮಾಡುತ್ತೆ, ಒಂದು ಹೆಣ್ಣುಣ್ಣೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಭಾರತದಲ್ಲಿ ಉಣ್ಣೆ ಈ ಔಷಧಿಗಳಿಗೆ ಜಗ್ಗದೇ ಇರೋದು ಹಲವು ರಾಜ್ಯಗಳಲ್ಲಿ ಪರೀಕ್ಷೆ ಮಾಡಿ ಗೊತ್ತಾಗಿರೋ ವಿಷಯ. ರೈತರು ಏನ್ಮಾಡ್ತಾರೆ, 2 ಎಂಎಲ್ ಹಾಕೋ ಕಡೆ 5 ಹಾಕ್ತಾರೆ, ಕೈಗೆ ಗ್ಲೌಸ್ ಇಲ್ಲ, ಮೂಗಿಗೆ ಬಟ್ಟೆ ಇಲ್ಲ, ಬಹಳ ಕಡೆ ಈ ಕೆಲಸ ಮಾಡೋರು ಹೆಂಗಸರೇ, ಸಂಜೆ ಅದೇ ಕೆಚ್ಚಲಿಂದ ಹಾಲು ಕರೀತಾರೆ. ಆ ಹಾಲು ನಮ್ಮ ಮಕ್ಕಳೂ ಕುಡೀತಾರೆ, ಬೆಂಗಳೂರಿಗೂ ಹೋಗುತ್ತೆ. ಇದನ್ನ ಬರೆಯೋಕೆ ನಂಗೆ ಇಷ್ಟ ಇಲ್ಲ, ಆದ್ರೆ ಮುಚ್ಚಿಡೋದು ಸರಿ ಅಲ್ಲ.

ಈಗ ಲಸಿಕೆ ವಿಷಯಕ್ಕೆ ಬರ್ತೀನಿ. ಥೈಲೇರಿಯಾಗೆ ಲಸಿಕೆನೇ ಇಲ್ಲ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಇದೆ. ರಕ್ಷಾವ್ಯಾಕ್-ಟಿ ಅಂತ, ಹೈದರಾಬಾದ್‌ನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ತಯಾರಿಸಿದ್ದು, ಅದು ಎನ್‌ಡಿಡಿಬಿ, ಅಂದ್ರೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರದ್ದೇ ಸಂಸ್ಥೆ. ಥೈಲೇರಿಯಾ ಹೊಕ್ಕಿರೋ ಬಿಳಿ ರಕ್ತಕಣಗಳನ್ನ ಲ್ಯಾಬ್‌ನಲ್ಲಿ ತಲೆಮಾರು ತಲೆಮಾರು ಬೆಳೆಸ್ತಾ ಹೋದ್ರೆ ಒಂದು ಹಂತದಲ್ಲಿ ಅದರ ಕೆಡುಕು ಕಮ್ಮಿ ಆಗುತ್ತೆ, ಜೀವ ಇರುತ್ತೆ ಆದ್ರೆ ಹಸುನ ಕೊಲ್ಲಲ್ಲ, ಅದನ್ನ ಕರುಗೆ ಹಾಕಿದ್ರೆ ಮೈ ಅದನ್ನ ಗುರುತು ಹಿಡಿದು ಮುಂದೆ ನಿಜವಾದ ಕಾಯಿಲೆ ಬಂದಾಗ ತಡೀತದೆ. ಇಸ್ರೇಲ್, ಟರ್ಕಿ, ಇರಾನ್, ಚೀನಾದಲ್ಲೂ ಇದೇ ದಾರಿಯ ಲಸಿಕೆ ಬಳಸಿದಾರೆ. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗೆ ಚರ್ಮದ ಕೆಳಗೆ ಹಾಕೋದು.

ಹಾಗಾದ್ರೆ ತೊಂದರೆ ಏನು ಅಂದ್ರೆ, ಅದು ಜೀವ ಇರೋ ಲಸಿಕೆ, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡ್ಬೇಕು, ಹೊರಗೆ ತೆಗೆದು ಕರಗಿಸಿದ್ಮೇಲೆ ಬೇಗ ಹಾಕಿ ಮುಗಿಸ್ಬೇಕು. ಕಾಲುಬಾಯಿ ಲಸಿಕೆ ಹಾಗೆ ಐಸ್ ಬಾಕ್ಸ್‌ನಲ್ಲಿ ಇಟ್ಕೊಂಡು ಬೀದಿ ಬೀದಿ ತಿರುಗೋಕೆ ಆಗಲ್ಲ. ಇದು ಕಷ್ಟ ಅಂತ ಹೇಳೋರು ಒಂದು ವಿಷಯ ಮರೀತಾರೆ. ಹಸು ಬೆದೆಗೆ ಬಂದಾಗ ಇಂಜೆಕ್ಷನ್ ಮಾಡೋಕೆ ಬರೋ ವೀರ್ಯದ ಕಡ್ಡಿಗಳು ಎಲ್ಲಿರ್ತವೆ? ಅದೇ ದ್ರವ ಸಾರಜನಕದಲ್ಲಿ. ಆ ಕ್ಯಾನ್ ಪ್ರತಿ ಹೋಬಳಿ ಪಶು ಆಸ್ಪತ್ರೇಲಿ ಇದೆ, ಎಷ್ಟೋ ಹಾಲಿನ ಸಂಘದ ಎಐ (ಕೃತಕ ಗರ್ಭಧಾರಣೆ) ಸೆಂಟರ್‌ನಲ್ಲಿ ಇದೆ, ತಪ್ಪದೇ ಸಾರಜನಕ ತುಂಬಿಸೋ ಗಾಡಿ ಬರುತ್ತೆ, ಬೈಕ್ ಮೇಲೆ ಸಣ್ಣ ಕ್ಯಾನ್ ಕಟ್ಕೊಂಡು ಮನೆಬಾಗಿಲಿಗೆ ಬರೋ ಹುಡುಗರಿದಾರೆ. ಕರು ಹುಟ್ಟಿಸೋಕೆ ಇರೋ ಆ ವ್ಯವಸ್ಥೆ ಕರು ಉಳಿಸೋಕೆ ಯಾಕೆ ಬಳಕೆ ಆಗ್ಬಾರ್ದು? ಹತ್ತಾರು ಕರು ಒಂದೇ ದಿನ ಒಂದೇ ಕಡೆ ಸೇರಿಸಿದ್ರೆ ಕರಗಿಸಿದ್ದು ವೇಸ್ಟ್ ಆಗೋ ಪ್ರಶ್ನೆನೂ ಇಲ್ಲ, ಸೇರಿಸೋ ಕೆಲಸ ನಮ್ಮ ಸಂಘಗಳು ಮಾಡ್ತವೆ. ನಾನು ಈ ಕೆಲಸಕ್ಕೆ ಬಂದ ಮೇಲೆ ನಮ್ಮ ಸುತ್ತಿನ ಊರುಗಳಲ್ಲಿ ಒಂದು ಕರುಗೂ ಈ ಲಸಿಕೆ ಬಿದ್ದಿದ್ದು ನೋಡಿಲ್ಲ.

ಇರೋ ಲಸಿಕೆ ತರಿಸಿದ್ರೆ ಸಾಕಾ, ಹೊಸದು ಯಾಕೆ ಬೇಕು ಅಂತ ನಮ್ಮ ಸಂಘದ ಮೀಟಿಂಗ್‌ನಲ್ಲೇ ಒಬ್ಬರು ಕೇಳಿದ್ರು. ಸರಿಯಾದ ಪ್ರಶ್ನೆನೇ. ಇರೋದನ್ನ ಇವತ್ತು ತರಿಸ್ಬೇಕು, ಅದು ಬೇರೆ ಮಾತು. ಆದ್ರೆ ಜೀವ ಇರೋ ಲಸಿಕೆಯಲ್ಲಿ ಸಾರಜನಕದ ತಾಪತ್ರಯ ಯಾವತ್ತೂ ಇದ್ದಿದ್ದೇ, ತಯಾರಿಸೋವಾಗ ಹಸುವಿನ ಕಣದ ಜೊತೆ ಬೇರೆ ಯಾವ ವೈರಸ್ಸೂ ಬರದ ಹಾಗೆ ನೋಡ್ಕೊಬೇಕು, ಒಂದು ಕಡೆಯ ತಳಿಯಿಂದ ಮಾಡಿದ್ದು ಇನ್ನೊಂದು ಕಡೆಯ ಥೈಲೇರಿಯಾಗೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಪರೀಕ್ಷೆ ಮಾಡದೇ ಹೇಳೋಕೆ ಬರಲ್ಲ. ಫ್ರಿಜ್‌ನಲ್ಲಿ ಇಡೋ ಅಂಥ, ಒಂದೆರಡು ಡೋಸ್‌ನಲ್ಲಿ ಮುಗಿಯೋ ಅಂಥ ಲಸಿಕೆ ಬಂದ್ರೆ ಅದು ಕಂದು ಹಾಕಿಸೋ ಬ್ರುಸೆಲ್ಲಾ ರೋಗದ ಲಸಿಕೆ ಹಾಗೆ ಪ್ರತಿ ಹೆಣ್ಣುಗರುಗೂ ಹೋಗುತ್ತೆ.

ಅದನ್ನ ಮಾಡೋದು ಕಷ್ಟದ ಕೆಲಸ, ವಿಜ್ಞಾನಿಗಳು ಸುಮ್ಮನೆ ಕೂತಿಲ್ಲ ಅನ್ನೋದೂ ಹೇಳ್ಬೇಕು. 2005ರಲ್ಲೇ ಥೈಲೇರಿಯಾ ಆನ್ಯುಲೇಟಾದ ಪೂರ್ತಿ ಜೀನೋಮ್ ಓದಿ ಮುಗಿಸಿದ್ರು, ಸುಮಾರು 3,800 ಜೀನ್ ಇದೆ ಅದರಲ್ಲಿ. ವೈರಸ್‌ಗಳಲ್ಲಿ ಸಾಮಾನ್ಯವಾಗಿ ಹತ್ತಾರೋ ನೂರಾರೋ ಜೀನ್ ಇರೋದು, ಇದು ಅದಕ್ಕಿಂತ ತುಂಬಾ ದೊಡ್ಡ ಜೀವಿ, ಮೇಲೆ ಮೂರು ವೇಷ: ಉಣ್ಣೆ ಎಂಜಲಲ್ಲಿ ಬರೋವಾಗ ಒಂದು, ಬಿಳಿ ಕಣದಲ್ಲಿ ಒಂದು, ಕೆಂಪು ಕಣದಲ್ಲಿ ಇನ್ನೊಂದು. ಯಾವ ವೇಷಕ್ಕೆ ಲಸಿಕೆ ಮಾಡ್ಬೇಕು? ಎಂಜಲಲ್ಲಿ ಬಂದದ್ದು ಸ್ವಲ್ಪ ಹೊತ್ತಲ್ಲೇ ಕಣದೊಳಗೆ ಹೊಕ್ಕುಬಿಡುತ್ತೆ, ಅಷ್ಟರೊಳಗೆ ಅದನ್ನ ಹಿಡಿಯೋ ಪ್ರತಿಕಾಯ (ಕಾಯಿಲೆ ತಡೆಯೋಕೆ ಮೈ ತಾನೇ ತಯಾರಿಸೋ ಪ್ರೋಟೀನ್) ರಕ್ತದಲ್ಲಿ ರೆಡಿ ಇರ್ಬೇಕು. ಆ ವೇಷದ ಮೈಮೇಲಿನ ಸ್ಪ್ಯಾಗ್-1 ಅನ್ನೋ ಪ್ರೋಟೀನ್ ತಗೊಂಡು ದನಗಳ ಮೇಲೆ ಪ್ರಯೋಗ ಆಗಿದೆ, ಸ್ವಲ್ಪ ಮಟ್ಟಿಗೆ ರಕ್ಷಣೆ ಸಿಕ್ಕಿದೆ, ಪೂರ್ತಿ ಅಲ್ಲ. ಒಳಗೆ ಹೊಕ್ಕ ಮೇಲೆ ಪ್ರತಿಕಾಯ ಮುಟ್ಟೋಕಾಗಲ್ಲ, ಆಗ ಆ ಕೆಟ್ಟ ಕಣವನ್ನೇ ಗುರುತಿಸಿ ಕೊಲ್ಲೋ ಟಿ-ಸೆಲ್ ಅನ್ನೋ ಬಿಳಿ ರಕ್ತಕಣ ಬೇಕು. ಅದು ಯಾವ ತುಣುಕನ್ನ ಗುರುತಿಸುತ್ತೆ ಅನ್ನೋದು ಹಸುವಿನ ತಳಿಯಿಂದ ತಳಿಗೆ, ಹಸುವಿನಿಂದ ಹಸುಗೇ ಬದಲಾಗುತ್ತೆ. ಹಾಲೆಂಡಿನ ಫ್ರೀಸಿಯನ್ ಮೇಲೆ ಕೆಲಸ ಮಾಡಿದ್ದು ನಮ್ಮ ಮುಕ್ಕಾಲು ಎಚ್‌ಎಫ್, ಕಾಲು ನಾಟಿ ಹಸು ಮೇಲೆ ಹಾಗೇ ಮಾಡುತ್ತೆ ಅಂತ ಇಲ್ಲ. ನಂಗೆ ಇದು ಬಹಳ ಮುಖ್ಯ ಅನ್ಸುತ್ತೆ: ಹೊಸ ಲಸಿಕೆ ಎಲ್ಲೇ ತಯಾರಾಗ್ಲಿ, ನಮ್ಮ ಕೊಟ್ಟಿಗೆಯ ಹಸು, ನಮ್ಮ ಕೊಟ್ಟಿಗೆಯ ಥೈಲೇರಿಯಾ, ನಮ್ಮ ಗೋಡೆ ಸಂದಿಯ ಉಣ್ಣೆ, ಈ ಮೂರನ್ನೂ ನೋಡದೇ ಅದು ನಮಗೆ ಆಗಿ ಬರಲ್ಲ.

ಆಫ್ರಿಕಾದಲ್ಲಿ ಏನ್ಮಾಡಿದಾರೆ ನೋಡಿ. ಅಲ್ಲಿ ಥೈಲೇರಿಯಾ ಪಾರ್ವಾ ಅಂತ ಇದರ ಅಣ್ಣತಮ್ಮ ಇದೆ, ಈಸ್ಟ್ ಕೋಸ್ಟ್ ಫೀವರ್ ಅಂತಾರೆ. ಕೀನ್ಯಾದ ಮುಗುಗಾದಲ್ಲಿ ಕಾಯಿಲೆ ಇರೋ ಉಣ್ಣೆನೇ ಅರೆದು, ಅದರ ಜೀವಿಗಳನ್ನ ಫ್ರೀಜ್ ಮಾಡಿ, ಕರುಗೆ ಅದನ್ನ ಕೊಡೋ ಹೊತ್ತಲ್ಲೇ ಜಾಸ್ತಿ ದಿನ ಕೆಲಸ ಮಾಡೋ ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಡೋ ವಿಧಾನ ಕಂಡುಹಿಡಿದ್ರು. ಕಾಯಿಲೆ ಸಣ್ಣದಾಗಿ ಬಂದು ಹೋಗುತ್ತೆ, ಆಮೇಲೆ ವರ್ಷಗಟ್ಟಲೆ ರಕ್ಷಣೆ. ಅದಕ್ಕೂ ದ್ರವ ಸಾರಜನಕ ಬೇಕು. ಆದ್ರೂ ಟಾಂಜಾನಿಯಾದಲ್ಲಿ ದನ ಮೇಯಿಸ್ಕೊಂಡು ಊರೂರು ಸುತ್ತೋ ಮಸಾಯಿ ಜನರ ಕರುಗಳಿಗೆ ಅದು ತಲುಪಿದೆ, ಅವರೇ ದುಡ್ಡು ಕೊಟ್ಟು ಹಾಕಿಸ್ಕೋತಾರೆ. ರಸ್ತೆ ಇಲ್ಲದ ಹುಲ್ಲುಗಾವಲಿಗೆ ಸಾರಜನಕದ ಕ್ಯಾನ್ ಹೋಗುತ್ತೆ ಅಂದ್ರೆ ಬೆಂಗಳೂರಿಂದ ಎರಡು ಗಂಟೆ ದಾರಿಯ ನಮ್ಮೂರಿಗೆ ಬರೋಕೆ ಏನು ಅಡ್ಡಿ.

ಇನ್ನೊಂದು ದಾರಿ ಜೀವಿ ಬಿಟ್ಟು ಉಣ್ಣೆಗೇ ಲಸಿಕೆ ಮಾಡೋದು. ಕೇಳೋಕೆ ವಿಚಿತ್ರ ಆದ್ರೆ ಆಗಿದೆ ಇದು. ಉಣ್ಣೆಯ ಕರುಳಲ್ಲಿರೋ ಬಿಎಂ86 ಅನ್ನೋ ಪ್ರೋಟೀನ್ ಹಸುಗೆ ಸೂಜಿ ಮೂಲಕ ಕೊಟ್ಟರೆ ಹಸು ಅದಕ್ಕೆ ಪ್ರತಿಕಾಯ ಮಾಡುತ್ತೆ, ಉಣ್ಣೆ ರಕ್ತ ಕುಡಿದಾಗ ಆ ಪ್ರತಿಕಾಯ ಹೋಗಿ ಉಣ್ಣೆಯ ಕರುಳನ್ನೇ ಹಾಳು ಮಾಡುತ್ತೆ, ಸಾಯದೇ ಉಳಿದದ್ದೂ ಮೊಟ್ಟೆ ಕಮ್ಮಿ ಇಡುತ್ತೆ. 1990ರ ದಶಕದಲ್ಲೇ ಕ್ಯೂಬಾದಲ್ಲಿ ಗ್ಯಾವಾಕ್, ಆಸ್ಟ್ರೇಲಿಯಾದಲ್ಲಿ ಟಿಕ್‌ಗಾರ್ಡ್ ಅಂತ ಮಾರುಕಟ್ಟೆಗೆ ಬಂತು. ಅದು ಹೊಡೆಯೋ ಔಷಧಿ ಹಾಗೆ ಸಂಜೆಯೊಳಗೆ ಉಣ್ಣೆ ಉದುರಿಸಲ್ಲ, ಮತ್ತೆ ಮತ್ತೆ ಬೂಸ್ಟರ್ ಬೇಕು, ಎಲ್ಲಾ ಜಾತಿ ಉಣ್ಣೆಗೂ ಒಂದೇ ಸಮ ಆಗಲ್ಲ. ಥೈಲೇರಿಯಾ ತರೋ ಹಯಾಲೊಮ್ಮಾಗೆ ಬೇರೆಯಾಗೇ ಕೆಲಸ ಆಗ್ಬೇಕು, ಉತ್ತರ ಪ್ರದೇಶದ ಇಜ್ಜತ್‌ನಗರದ ಐವಿಆರ್‌ಐನಲ್ಲಿ (ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ) ಆ ಉಣ್ಣೆಯ ಪ್ರೋಟೀನ್ ಮೇಲೆ ಸಂಶೋಧನೆ ನಡೆದಿದೆ. 2021ರಲ್ಲಿ ಅಮೆರಿಕದ ಯೇಲ್‌ನಲ್ಲಿ ಕೊರೊನಾ ಲಸಿಕೆ ಮಾಡಿದ ಎಂಆರ್‌ಎನ್‌ಎ ವಿಧಾನದಲ್ಲೇ ಉಣ್ಣೆಯ ಎಂಜಲಿನ 19 ಪ್ರೋಟೀನ್‌ಗೆ ಲಸಿಕೆ ಮಾಡಿ ಗಿನಿಪಿಗ್‌ಗೆ ಕೊಟ್ರು, ಉಣ್ಣೆ ಕಚ್ಚಿದ ಜಾಗ ಬೇಗ ಕೆಂಪಗಾಯ್ತು, ಹೊಟ್ಟೆ ತುಂಬೋ ಮೊದಲೇ ಉಣ್ಣೆ ಬಿದ್ದುಹೋಯ್ತು. ಅದು ಬೇರೆ ಉಣ್ಣೆ, ಬೇರೆ ಕಾಯಿಲೆಗೆ, ಹಸುಗೆ ಇನ್ನೂ ದೂರ. ಆದ್ರೆ ಎಂಜಲಿನ ಜೊತೆ ಕಾಯಿಲೆ ಇಳಿಯೋ ಮೊದಲೇ ಉಣ್ಣೆ ಬಿದ್ದರೆ ಅದಕ್ಕಿಂತ ಬೇರೇನು ಬೇಕು.

ಇಷ್ಟೆಲ್ಲ ದಾರಿ ಇದ್ದೂ ನಮ್ಮ ಕೊಟ್ಟಿಗೆಗೆ ಏನೂ ಬರ್ತಿಲ್ಲ ಅಂದ್ರೆ ನಂಗೆ ಕಾಣೋ ಕಾರಣ ಒಂದೇ, ಈ ಸಾವು ಲೆಕ್ಕದಲ್ಲಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆ ಹಿಂಡಿ ಹಾಕಿದಾಗ ಸಾವಿರಾರು ಹಸು ಒಟ್ಟಿಗೆ ಹೋದವು, ವಿಧಾನಸೌಧದವರೆಗೂ ಸದ್ದಾಯ್ತು, ಪರಿಹಾರ ಬಂತು. 2019ರಿಂದ ದೇಶಕ್ಕೆಲ್ಲ ಕಾಲುಬಾಯಿ ಮತ್ತು ಬ್ರುಸೆಲ್ಲಾಗೆ ಉಚಿತ ಲಸಿಕೆ ಕಾರ್ಯಕ್ರಮ ಇದೆ, ಕಿವಿಗೆ 12 ಅಂಕಿಯ ಓಲೆ ಹಾಕಿ ಪ್ರತಿ ಸೂಜಿನೂ ಆ್ಯಪ್‌ನಲ್ಲಿ ಬರೀತಾರೆ. ಅದೇ ಓಲೆ ನಂಬರಿಗೆ ಈ ಹಸುಗೆ ಥೈಲೇರಿಯಾ ಬಂದಿತ್ತು, ಇಷ್ಟು ಬುಪಾರ್ವಾಕ್ವೋನ್ ಕೊಟ್ವಿ, ಬದುಕ್ತು ಅಥವಾ ಸತ್ತಿತು ಅಂತ ಪ್ರತಿ ಸಲ ತಪ್ಪದೇ ಬರೆದ್ರೆ ಒಂದೇ ವರ್ಷದಲ್ಲಿ ಯಾವ ಹೋಬಳೀಲಿ ಎಷ್ಟು, ಯಾವ ತಿಂಗಳು ಜಾಸ್ತಿ, ಔಷಧಿ ಎಲ್ಲಿ ಕೆಲಸ ಮಾಡ್ತಿಲ್ಲ ಅಂತ ಗೊತ್ತಾಗುತ್ತೆ. ಯಲಹಂಕದಲ್ಲಿ ನಿವೇದಿ ಸಂಸ್ಥೆ ಇದೆ, ಜಾನುವಾರು ರೋಗದ ಮುನ್ಸೂಚನೆ ಪ್ರತಿ ತಿಂಗಳು ಕೊಡುತ್ತೆ, ಅದರ ಪಟ್ಟೀಲಿ ಥೈಲೇರಿಯಾನೂ ಇದೆ. ಆದ್ರೆ ಅವರು ಲೆಕ್ಕ ಹಾಕೋದು ವರದಿಯಾದ ಕೇಸ್ ಮೇಲೆ, ವರದಿನೇ ಹೋಗದಿದ್ರೆ ಅವರೇನು ಮಾಡ್ತಾರೆ. ವಿಮೆ ಫಾರಂನಲ್ಲೂ ಅಷ್ಟೇ, ನಮ್ಮೂರ ಒಬ್ಬ ವಿಧವೆ ಸಾಲ ಮಾಡಿ ತಂದ ಹಸು ಸತ್ತಾಗ ಕಾರಣದ ಜಾಗದಲ್ಲಿ ಬರೀ ಜ್ವರ ಅಂತ ಬರೆದಿದ್ರು. ಆ ಹಸು ಯಾವ ಜ್ವರದ ಲೆಕ್ಕಕ್ಕೂ ಸೇರಲಿಲ್ಲ. ಲೆಕ್ಕ ಇಲ್ಲ ಅಂದ್ರೆ ಇಷ್ಟು ಡೋಸ್ ಬೇಕು ಅಂತ ಇಲಾಖೆ ಕೇಳಲ್ಲ, ಕೇಳದಿದ್ರೆ ಕಂಪನಿ ಜಾಸ್ತಿ ತಯಾರು ಮಾಡಲ್ಲ, ಹೊಸದರ ಸಂಶೋಧನೆಗೆ ದುಡ್ಡು ಕೇಳೋ ವಿಜ್ಞಾನಿಗೂ ತೋರ್ಸೋಕೆ ಕಾಗದ ಇರಲ್ಲ.

ನಮ್ಮ ಕಡೆಯವರಿಗೆ ಇದೆಲ್ಲಾ ಏನು ಗೊತ್ತಾಗುತ್ತೆ, ವಿಜ್ಞಾನಿಗಳ ಕೆಲಸ ಅಂತ ಬಿಟ್ಟುಬಿಡಿ ಅನ್ನೋರಿಗೆ ಒಂದು ಹಳೇ ವಿಷಯ ನೆನಪು ಮಾಡ್ತೀನಿ. ಅಮೆರಿಕದ ಟೆಕ್ಸಾಸ್ ಕಡೆ ದನ ಸಾಯೋವಾಗ ಇದು ಉಣ್ಣೆಯಿಂದಲೇ ಅಂತ ಮೊದಲು ಹೇಳಿದ್ದು ದನ ಕಾಯೋರು, ಓದಿದೋರು ನಂಬಿರಲಿಲ್ಲ. 1893ರಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಅನ್ನೋರು ಪ್ರಯೋಗ ಮಾಡಿ ಅದು ನಿಜ ಅಂತ ತೋರಿಸಿದ್ರು, ಅದೇ ನಾನು ಮೇಲೆ ಹೇಳಿದ ಬಬೇಸಿಯಾ. ಕಚ್ಚೋ ಹುಳದಿಂದ ಕಾಯಿಲೆ ಹರಡುತ್ತೆ ಅನ್ನೋದು ಖಚಿತವಾಗಿದ್ದ ಮೊದಮೊದಲ ಸಂಶೋಧನೆಗಳಲ್ಲಿ ಅದೂ ಒಂದು, ಸೊಳ್ಳೆಯಿಂದ ಮಲೇರಿಯಾ ಅನ್ನೋದು ಗೊತ್ತಾಗಿದ್ದೂ ಅದಾದ ಮೇಲೆ.

ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿದೆ, ಅಲ್ಲೇ ರಾಜ್ಯ ಸರ್ಕಾರದ್ದೇ ಲಸಿಕೆ ತಯಾರಿಸೋ ಪಶು ಆರೋಗ್ಯ ಸಂಸ್ಥೆ ಇದೆ, ಐವಿಆರ್‌ಐ ಕೇಂದ್ರನೂ ಇದೆ, ಯಲಹಂಕದಲ್ಲಿ ನಿವೇದಿ. ಇಷ್ಟು ಸಂಸ್ಥೆ ಇಷ್ಟು ಹತ್ತಿರ ಇರೋ ಹಾಲಿನ ಸೀಮೆ ದೇಶದಲ್ಲಿ ಎಷ್ಟಿದಾವೋ. ನಾನು ಕೇಳೋದು ಇಷ್ಟೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರು ಜಿಲ್ಲೇಲಿ ಒಂದೊಂದು ತಾಲ್ಲೂಕು ಆರಿಸ್ಕೊಂಡು ಮೊದಲು ಇರೋ ಲಸಿಕೆನ ಎಐ ಕ್ಯಾನ್ ಮೂಲಕ ಮಿಶ್ರತಳಿ ಕರುಗಳಿಗೆ ಹಾಕಿ, ಹಾಕಿದ್ದಕ್ಕೂ ಹಾಕದ್ದಕ್ಕೂ ಏನಾಯ್ತು ಅಂತ ಓಲೆ ನಂಬರ್ ಪ್ರಕಾರ ಬರೀಲಿ. ಅದೇ ಹೊತ್ತಲ್ಲಿ ಕಾಯಿಲೆ ಬಂದ ಹಸುಗಳ ರಕ್ತ, ಮೈಮೇಲಿನ ಉಣ್ಣೆ ತಗೊಂಡು ಹೋಗಿ ಇಲ್ಲಿನ ಥೈಲೇರಿಯಾ ಯಾವ ತರದ್ದು, ಔಷಧಿಗೆ ಬಗ್ಗುತ್ತಾ ಇಲ್ವಾ ನೋಡ್ಲಿ, ಹೊಸ ಲಸಿಕೆ ಮಾಡೋರಿಗೆ ಅದು ಸಿಗೋ ಹಾಗೆ ಇಡ್ಲಿ. ಹಾಲು ಒಕ್ಕೂಟಗಳು ತಮ್ಮ ಲಾಭದಲ್ಲಿ ಸ್ವಲ್ಪ ಇದಕ್ಕೆ ತೆಗೆದಿಟ್ಟರೆ ಯಾವ ಸದಸ್ಯರೂ ಬೇಡ ಅನ್ನಲ್ಲ. ಲೀಟರಿಗೆ ಸರ್ಕಾರ ಕೊಡೋ 5 ರೂಪಾಯಿ ಪ್ರೋತ್ಸಾಹಧನ ನಮಗೆ ತುಂಬಾ ದೊಡ್ಡದು, ಆದ್ರೆ ಹಸುನೇ ಹೋದ್ರೆ ಆ 5 ರೂಪಾಯಿ ಯಾವ ಲೀಟರಿಗೆ ಕೊಡ್ತಾರೆ.

ನಿಮ್ಮ ಪತ್ರಿಕೆಯವರು ಜಿಲ್ಲಾ ಪಶುಪಾಲನಾ ಇಲಾಖೆಗೆ ಈ ಮೂರು ಪ್ರಶ್ನೆ ಕೇಳಿ ಉತ್ತರ ಪ್ರಿಂಟ್ ಮಾಡಿ: ಹೋದ ವರ್ಷ ನಮ್ಮ ಜಿಲ್ಲೇಲಿ ಥೈಲೇರಿಯಾ ಅಂತ ದಾಖಲಾದ ಹಸು ಎಷ್ಟು, ಅದಕ್ಕೆ ಖರ್ಚಾದ ಬುಪಾರ್ವಾಕ್ವೋನ್ ಎಷ್ಟು, ಲಸಿಕೆಗೆ ಬೇಡಿಕೆ ಕಳಿಸಿದ್ದೀರಾ ಇಲ್ವಾ. ನಮ್ಮ ಸಂಘದ ಮೀಟಿಂಗ್‌ನಲ್ಲಿ ಈ ವಿಷಯ ಇಟ್ಟಾಗ ರಕ್ತದ ಸ್ಯಾಂಪಲ್ ತಗೊಳ್ಳೋಕೆ ಹಸು ಹಿಡಿದು ಕೊಡ್ತೀವಿ, ಕರು ಸಾಲಾಗಿ ನಿಲ್ಲಿಸ್ತೀವಿ, ಪುಸ್ತಕದಲ್ಲಿ ಬರೆದಿಡೋದೂ ಮಾಡ್ತೀವಿ ಅಂತ ಸದಸ್ಯರೆಲ್ಲ ಒಪ್ಪಿ ಠರಾವು ಮಾಡಿದಾರೆ. ಯಾವ ಸಂಸ್ಥೆಯವರಾದ್ರೂ ಬರ್ಬಹುದು, ಬೆಳಗ್ಗೆ ಹಾಲು ಹಾಕೋ ಹೊತ್ತಿಗೆ ಡೇರಿ ಹತ್ರ ಬಂದ್ರೆ ಎಲ್ಲರೂ ಅಲ್ಲೇ ಸಿಗ್ತಾರೆ.

ಇತಿ ನಮಸ್ಕಾರಗಳೊಂದಿಗೆ,
ಒಬ್ಬ ಹಾಲು ಉತ್ಪಾದಕಿ, ಮಹಿಳಾ ಸಂಘದ ಸೆಕ್ರೆಟರಿ
ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ